4ಕೆ ಡಿಸ್ಕ್ ಪ್ಲೇಯರ್ ಕೊಳ್ಳುವುದು, ಉಳಿಸಿಕೊಳ್ಳುವುದು: ನನ್ನ ಅನುಭವ

ಬ್ಲೂ-ರೇ, 4ಕೆ ಸಿನಿಮಾ ಡಿಸ್ಕ್ ಓಡಿಸುವ ಪ್ಲೇಯರ್‌ಗಳನ್ನು ಮಾಡುವವರು ಒಬ್ಬೊಬ್ಬರಾಗಿ ಕೈಬಿಡುತ್ತಿದ್ದಾರೆ. ಒಪ್ಪೊ ಡಿಜಿಟಲ್ 2018ರ ಏಪ್ರಿಲ್‌ನಲ್ಲೇ ಪ್ಲೇಯರ್ ತಯಾರಿಕೆಗೆ ಮಂಗಳ ಹಾಡಿತು. ಮರುವರ್ಷ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ಅಮೆರಿಕದ ಮಾರುಕಟ್ಟೆಗೆ ಇನ್ನು ಹೊಸ ಬ್ಲೂ-ರೇ ಮಾಡೆಲ್ ಇಲ್ಲ ಎಂದಿತು. 2016ರಲ್ಲಿ ಅಲ್ಲಿ ಮೊದಲ 4ಕೆ ಪ್ಲೇಯರ್ ಮಾರಿದ್ದೂ ಅದೇ ಕಂಪನಿ. 2024ರ ಕೊನೆಗೆ ಎಲ್‌ಜಿಯ ಸರದಿ. ಅದೇ ವರ್ಷ ಅಮೆರಿಕದ ಬೆಸ್ಟ್ ಬೈ ಅಂಗಡಿಗಳಲ್ಲಿ ಸಿನಿಮಾ ಡಿಸ್ಕ್ ಮಾರಾಟವೂ ನಿಂತಿತು. ಈಗ ದೊಡ್ಡ ಹೆಸರುಗಳಲ್ಲಿ ಉಳಿದಿರುವುದು ಪ್ಯಾನಸೋನಿಕ್ ಮತ್ತು ಸೋನಿ. ಮ್ಯಾಗ್ನೆಟಾರ್‌ನಂಥ ಸಣ್ಣ ಕಂಪನಿಯ ದುಬಾರಿ ಪೆಟ್ಟಿಗೆಗಳೂ ಇವೆ. 2025ರ ಫೆಬ್ರವರಿಯಲ್ಲಿ ಸೋನಿ ನಿಲ್ಲಿಸಿದ್ದು ನಾವೇ ಬರೆದುಕೊಳ್ಳುವ ಖಾಲಿ ಬ್ಲೂ-ರೇ ಡಿಸ್ಕ್‌ಗಳನ್ನು, ಸಿನಿಮಾ ಡಿಸ್ಕ್‌ಗಳನ್ನಲ್ಲ. ಆ ಸುದ್ದಿ ಓದಿ ಇಡೀ ಸಂಗ್ರಹವನ್ನೇ ಮಾರಲು ಹೊರಟವರು ಸ್ವಲ್ಪ ತಡೆಯಿರಿ.

ಇಷ್ಟಾದರೂ ಡಿಸ್ಕ್ ಏಕೆ? 4ಕೆ ಸ್ಟ್ರೀಮಿಂಗ್ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಆಸುಪಾಸಿನಲ್ಲಿ ಓಡುತ್ತದೆ. 66 ಜಿಬಿ ಡಿಸ್ಕ್‌ಗೆ 108, 100 ಜಿಬಿ ಡಿಸ್ಕ್‌ಗೆ 128 ಮೆಗಾಬಿಟ್‌ವರೆಗೆ ಅವಕಾಶವಿದೆ. ಮಂಜು, ಹೊಗೆ, ಕತ್ತಲೆ ದೃಶ್ಯಗಳಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಧ್ವನಿಯಲ್ಲಿ ಅಂತರ ಇನ್ನೂ ಹೆಚ್ಚು: ಡಿಸ್ಕಿನಲ್ಲಿ ಡಾಲ್ಬಿ ಟ್ರೂಎಚ್‌ಡಿ ಅಥವಾ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಏನೂ ಕಳೆದುಕೊಳ್ಳದೆ ಬರುತ್ತದೆ, ಸ್ಟ್ರೀಮಿಂಗ್‌ನಲ್ಲಿ ಬರುವ ಡಾಲ್ಬಿ ಡಿಜಿಟಲ್ ಪ್ಲಸ್ ಹಿಂಡಿ ತೆಗೆದದ್ದು. ಟಿವಿಯ ಒಳಸ್ಪೀಕರಿನಲ್ಲೇ ಕೇಳುವವರು ಈ ಗೋಜಿಗೆ ಬರಬೇಕಾಗಿಲ್ಲ.

ಈಗ ಕೊಳ್ಳುವ ಪ್ಲೇಯರ್‌ಗೆ ಬದಲಿ ಸಿಗಲಿಕ್ಕಿಲ್ಲ ಎಂದುಕೊಂಡೇ ನಾನು ಆಯ್ಕೆ ಮಾಡುವುದು. ಹಾಗಾಗಿ ದುಬಾರಿಯಾದ ಒಂದಕ್ಕಿಂತ ಮಧ್ಯಮ ದರ್ಜೆಯ ಎರಡು ಮೇಲು. ಪ್ಯಾನಸೋನಿಕ್ ಯುಬಿ820 ನನ್ನ ಮೊದಲ ಆಯ್ಕೆ. ಎಚ್‌ಡಿಆರ್‌ನ (ಬೆಳಕು-ಕತ್ತಲೆಯ ಅಂತರ ಹೆಚ್ಚಾಗಿ ತೋರಿಸುವ ಚಿತ್ರ ವಿಧಾನ) ಬಗೆಗಳಾದ ಡಾಲ್ಬಿ ವಿಷನ್, ಎಚ್‌ಡಿಆರ್10 ಪ್ಲಸ್ ಎರಡೂ ಇವೆ. ಹೊಳಪು ಕಡಿಮೆಯಿರುವ ಟಿವಿ ಅಥವಾ ಪ್ರೊಜೆಕ್ಟರ್‌ಗೆ ಅದರ ಎಚ್‌ಡಿಆರ್ ಆಪ್ಟಿಮೈಸರ್ ನಿಜವಾಗಿಯೂ ಉಪಯೋಗ. ಯುಬಿ420ರಲ್ಲಿ ಡಾಲ್ಬಿ ವಿಷನ್ ಇಲ್ಲ. ಸೋನಿ ಎಕ್ಸ್700, ಎಕ್ಸ್800ಎಂ2 ಎರಡೂ ಎಸ್‌ಎಸಿಡಿ (ಉತ್ತಮ ಗುಣಮಟ್ಟದ ಸಂಗೀತದ ಡಿಸ್ಕ್) ಓದುತ್ತವೆ, ಪ್ಯಾನಸೋನಿಕ್ ಓದುವುದಿಲ್ಲ. ಆದರೆ ಸೋನಿಯಲ್ಲಿ ಡಾಲ್ಬಿ ವಿಷನ್ ಅನ್ನು ಡಿಸ್ಕಿಗೆ ತಕ್ಕಂತೆ ಕೈಯಾರೆ ಆನ್-ಆಫ್ ಮಾಡಬೇಕು. ಆನ್ ಮಾಡಿಯೇ ಬಿಟ್ಟರೆ ಮಾಮೂಲಿ ಎಚ್‌ಡಿಆರ್ ಡಿಸ್ಕನ್ನೂ ಅದು ಡಾಲ್ಬಿ ವಿಷನ್ ಎಂದೇ ಕಳಿಸುತ್ತದೆ, ಬಣ್ಣ ಕೆಡುತ್ತದೆ. ಸೋನಿಯ ಗೇಮ್ ಯಂತ್ರ ಪಿಎಸ್5 ಮನೆಯಲ್ಲಿದ್ದರೆ ಆಪದ್ಧನ ಎಂದುಕೊಳ್ಳಿ: 4ಕೆ ಡಿಸ್ಕ್ ಓದುತ್ತದೆ, ಡಾಲ್ಬಿ ವಿಷನ್ ಇಲ್ಲ, ಆಡಿಯೋ ಸಿಡಿಯೂ ಇಲ್ಲ. ಅದರ ಸ್ಲಿಮ್ ಮಾದರಿಗೆ ಬಿಡಿಯಾಗಿ ಸಿಗುವ ಡ್ರೈವ್ ಹಾಕಿದಾಗ ಇಂಟರ್ನೆಟ್ ಮೂಲಕ ಒಮ್ಮೆ ನೋಂದಾಯಿಸಲೇಬೇಕು. ಪಿಎಸ್4 ಪ್ರೊ ಹೆಸರಿಗೆ 4ಕೆ ಅಷ್ಟೆ, ಡಿಸ್ಕ್ ಓದದು.

ನಮ್ಮಲ್ಲಿ ಹಲವರು ಅಮೆರಿಕದಲ್ಲಿರುವ ಅಣ್ಣನಿಗೋ ಭಾವನಿಗೋ ಹೇಳಿ ಸೂಟ್‌ಕೇಸಿನಲ್ಲಿ ತರಿಸುತ್ತಾರೆ. ತರಿಸುವ ಮುಂಚೆ ಪೆಟ್ಟಿಗೆಯ ಹಿಂಬದಿಯ ಲೇಬಲ್ಲಿನ ಫೋಟೋ ಕೇಳಿ. 100–240 ವೋಲ್ಟ್ ಎಂದಿದ್ದರೆ ಪ್ಲಗ್ ಬದಲಿಸಿದರೆ ಸಾಕು. ಬರೀ 120 ವೋಲ್ಟ್ ಎಂದಿದ್ದರೆ ಇಲ್ಲಿನ 230ಕ್ಕೆ ನೇರ ಚುಚ್ಚಬೇಡಿ. 230 ವೋಲ್ಟ್ ರೆಕ್ಟಿಫೈ ಆದ (ಎಸಿಯಿಂದ ಡಿಸಿಗೆ ಬದಲಾದ) ಮೇಲೆ ಸುಮಾರು 325 ವೋಲ್ಟ್ ಆಗುತ್ತದೆ, ಒಳಗಿನ ಮುಖ್ಯ ಕೆಪ್ಯಾಸಿಟರ್ ಸಾಮಾನ್ಯವಾಗಿ 200 ವೋಲ್ಟಿನದು. ಫ್ಯೂಸ್ ಹೋದರೆ ಪುಣ್ಯ. ಇದಕ್ಕೆ ಕಬ್ಬಿಣದ ಕೋರ್ ಇರುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಲೇಬಲ್‌ನಲ್ಲಿ 30 ವ್ಯಾಟ್ ಇದ್ದರೆ 100 ವಿಎ (ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಅಳತೆ) ಧಾರಾಳ. ಹೇರ್ ಡ್ರೈಯರ್‌ಗೆಂದು ಮಾರುವ ಹಗುರ ಕನ್ವರ್ಟರ್ ಬೇಡ. ಅದು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕೊಡುತ್ತದೆ, ಪ್ಲೇಯರಿನ ಪವರ್ ಸಪ್ಲೈ ಅದನ್ನು ತಾಳುವುದಿಲ್ಲ.

ಇನ್ನು ರೀಜನ್, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದಂತೆ ಹಾಕುವ ಬೀಗ. 4ಕೆ ಡಿಸ್ಕ್‌ಗಳಿಗೆ ರೀಜನ್ ಬೀಗ ಇಲ್ಲ. ಮಾಮೂಲಿ ಬ್ಲೂ-ರೇಗೆ ಇದೆ: ಅಮೆರಿಕ ಎ, ಯೂರೋಪ್ ಬಿ, ಭಾರತ ಸಿ. ಒಂದೇ ಕವರಿನಲ್ಲಿ 4ಕೆ ಜೊತೆ ಬರುವ 1080ಪಿ (ಮಾಮೂಲಿ ಬ್ಲೂ-ರೇ) ಡಿಸ್ಕಿಗೂ ಈ ಬೀಗ ಇರಬಹುದು, ಬೋನಸ್ ವಿಡಿಯೋಗಳು ಅದರಲ್ಲೇ ಇರುವುದೂ ಉಂಟು. ಡಿವಿಡಿಗೆ ಲೆಕ್ಕ ಬೇರೆ, ಅಮೆರಿಕ 1, ಭಾರತ 5. ಮನೆಯಲ್ಲಿ ಹಳೆಯ ಪ್ಯಾಲ್ (ಭಾರತ, ಯೂರೋಪಿನ ಟಿವಿ ಮಾದರಿಯ) ಡಿವಿಡಿಗಳಿದ್ದರೆ ಅಮೆರಿಕದ ಹಲವು ಪ್ಲೇಯರ್‌ಗಳು ಅವನ್ನು ಓದುವುದಿಲ್ಲ. ಹಾಗಾಗಿ ಹಳೇ ಡಿವಿಡಿ ಪ್ಲೇಯರನ್ನು ಗುಜರಿಗೆ ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಾಲ್ಕು ಡಿಸ್ಕ್ ಒಯ್ಯುತ್ತೇನೆ: ಮೂರು ಪದರದ 100 ಜಿಬಿ 4ಕೆ, ಎರಡು ಪದರದ 66 ಜಿಬಿ 4ಕೆ, ಒಂದು ಬ್ಲೂ-ರೇ, ಒಂದು ಡಿವಿಡಿ. ಮಾರುವವರು ಡಿವಿಡಿ ಹಾಕಿ ತೋರಿಸಿ "ನೋಡಿ ಸಾರ್, ಓಡ್ತಿದೆಯಲ್ಲ" ಅನ್ನುತ್ತಾರೆ. ಅದರಿಂದ ಏನೂ ಸಾಬೀತಾಗದು. ಡಿವಿಡಿ ಓದುವುದು 650 ನ್ಯಾನೋಮೀಟರ್ ಕೆಂಪು ಲೇಸರ್, ಬ್ಲೂ-ರೇ ಓದುವುದು 405ರ ನೀಲಿ-ನೇರಳೆ. ಹಲವು ಡ್ರೈವ್‌ಗಳಲ್ಲಿ ಲೆನ್ಸೂ ಬೇರೆ ಬೇರೆ. ಪರೀಕ್ಷೆ ನಡೆಯಬೇಕಾದದ್ದು 100 ಜಿಬಿ ಡಿಸ್ಕಿನಲ್ಲಿ. ಮೊದಲ ಪದರವನ್ನು ಲೇಸರ್ ಒಳಗಿನಿಂದ ಅಂಚಿಗೆ ಓದುತ್ತದೆ, ಎರಡನೆಯದನ್ನು ಅಂಚಿನಿಂದ ಒಳಗೆ, ಮೂರನೆಯದನ್ನು ಮತ್ತೆ ಅಂಚಿಗೆ. ಹಾಗಾಗಿ ಸಿನಿಮಾದ ಸುಮಾರು ಮೂರನೇ ಒಂದು ಭಾಗದಲ್ಲಿ, ಮೂರನೇ ಎರಡು ಭಾಗದಲ್ಲಿ ಪದರ ಬದಲಾಗುತ್ತದೆ. ಆ ಎರಡು ಜಾಗಗಳ ಆಚೀಚೆ ಹತ್ತು ಹತ್ತು ನಿಮಿಷ, ಕೊನೆಯ ಚಾಪ್ಟರ್ ಪೂರ್ತಿ ಓಡಿಸಿ. ಚಿತ್ರ ನಿಂತರೆ, ಚೌಕಳಿ ಚೌಕಳಿಯಾಗಿ ಒಡೆದರೆ, ಟರ್‌ಟರ್ ಎಂಬ ಸದ್ದು ಬಂದರೆ ಬೆಲೆ ಅರ್ಧ ಇಳಿಸಿದರೂ ಬಿಟ್ಟು ಬನ್ನಿ. ಯಾವ ಡಿಸ್ಕ್ 100 ಜಿಬಿಯದು ಎಂಬುದು ಕವರಿನ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ವಿಮರ್ಶೆಗಳಲ್ಲಿ ಬಿಡಿ-100 (ಬಿಡಿ ಎಂದರೆ ಬ್ಲೂ-ರೇ ಡಿಸ್ಕ್) ಎಂದು ಬರೆದಿರುತ್ತಾರೆ.

ಜೋಡಣೆಯಲ್ಲಿ ಎಡವುವ ಜಾಗಗಳು ಕೆಲವೇ. ಟಿವಿಯ ಆ ಎಚ್‌ಡಿಎಂಐ ಇನ್‌ಪುಟ್ಟಿಗೆ ಪೂರ್ಣ ಬಣ್ಣದ ಆಯ್ಕೆ ಆನ್ ಇರಬೇಕು. ಎಲ್‌ಜಿಯಲ್ಲಿ ಅದು ಡೀಪ್ ಕಲರ್, ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಸೋನಿಯಲ್ಲಿ ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್. ಇದು ಆಫ್ ಇದ್ದರೆ ಎಚ್‌ಡಿಆರ್ ಬರುವುದೇ ಇಲ್ಲ, ಜನ ಪ್ಲೇಯರನ್ನು ಬೈಯುತ್ತಾರೆ. ಕೇಬಲ್ ಸೆಕೆಂಡಿಗೆ 18 ಗಿಗಾಬಿಟ್ ತಾಳುವಂಥದ್ದಿರಲಿ. ಧ್ವನಿಗೆ ಪ್ಲೇಯರಿನಲ್ಲಿ ಬಿಟ್‌ಸ್ಟ್ರೀಮ್ (ಧ್ವನಿಯನ್ನು ಬಿಡಿಸದೆ ಹಾಗೇ ಕಳಿಸುವುದು) ಆಯ್ಕೆ ಮಾಡಿ. ಜೊತೆಗೆ ಸೆಕೆಂಡರಿ ಆಡಿಯೋ (ಸೋನಿಯಲ್ಲಿ ಬಿಡಿ ಆಡಿಯೋ ಮಿಕ್ಸ್) ಆಫ್ ಮಾಡಿ. ಅದು ಆನ್ ಇದ್ದರೆ ಮೆನುವಿನ ಕ್ಲಿಕ್ ಸದ್ದನ್ನು ಬೆರೆಸುವುದಕ್ಕಾಗಿ ಟ್ರೂಎಚ್‌ಡಿಯನ್ನೇ ಬಿಟ್ಟುಬಿಡುತ್ತದೆ, ರಿಸೀವರಿನ (ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ) ಮೇಲೆ ಆಟ್ಮೋಸ್ (ಸುತ್ತಲಿನಿಂದಲೂ ಮೇಲಿನಿಂದಲೂ ಕೇಳಿಸುವ ಧ್ವನಿ) ದೀಪ ಹತ್ತುವುದಿಲ್ಲ. ಪ್ಲೇಯರನ್ನು ಟಿವಿಗೆ, ಅಲ್ಲಿಂದ ಎಆರ್‌ಸಿ (ಎಚ್‌ಡಿಎಂಐ ಕೇಬಲಿನಲ್ಲೇ ಟಿವಿಯಿಂದ ಧ್ವನಿ ಕಳಿಸುವ ದಾರಿ) ಮೂಲಕ ಸೌಂಡ್‌ಬಾರ್‌ಗೆ ಕೊಟ್ಟರೂ ಅದೇ ಕತೆ. ಹಳೇ ಎಆರ್‌ಸಿಯಲ್ಲಿ ಟ್ರೂಎಚ್‌ಡಿ ಹಾಯದು, ಅದರ ಸುಧಾರಿತ ರೂಪ ಇಎಆರ್‌ಸಿ ಬೇಕು. ರಿಸೀವರ್ ಎಚ್‌ಡಿಸಿಪಿ 2.2ಕ್ಕಿಂತ (4ಕೆ ಚಿತ್ರಕ್ಕೆ ಬೇಕಾದ ನಕಲು-ತಡೆ ವ್ಯವಸ್ಥೆ) ಹಳೆಯದಾದರೆ ಎರಡು ಎಚ್‌ಡಿಎಂಐ ಔಟ್ ಇರುವ ಪ್ಲೇಯರ್ ಹುಡುಕಿ: ಒಂದರಿಂದ ಚಿತ್ರ ನೇರ ಟಿವಿಗೆ, ಇನ್ನೊಂದರಿಂದ ಧ್ವನಿ ಮಾತ್ರ ರಿಸೀವರ್‌ಗೆ.

ಚೆನ್ನಾಗಿದ್ದ ಪ್ಲೇಯರ್ 4ಕೆ ಡಿಸ್ಕಿನಲ್ಲಿ ನಿಲ್ಲತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಡಿಸ್ಕನ್ನು. ಬ್ಲೂ-ರೇಯಲ್ಲಿ ಮಾಹಿತಿಯ ಪದರದ ಮೇಲಿರುವ ಹೊದಿಕೆ 0.1 ಮಿಲಿಮೀಟರ್ ಮಾತ್ರ, ಡಿವಿಡಿಯಲ್ಲಿ 0.6. ಹೊದಿಕೆ ತೆಳುವಾದಷ್ಟೂ ಮೇಲಿನ ಬೆರಳ ಗುರುತು, ಎಣ್ಣೆ ಜಿಡ್ಡು ಲೇಸರ್‌ಗೆ ದೊಡ್ಡದಾಗಿ ಕಾಣುತ್ತವೆ. ಹೊಸ ಡಿಸ್ಕಿಗೂ ಕಾರ್ಖಾನೆಯ ಜಿಡ್ಡು ಅಂಟಿರುತ್ತದೆ. ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಹೋಗದಿದ್ದರೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ, ಆಮೇಲೆ ಬರೀ ನೀರು, ಒತ್ತಿ ಒಣಗಿಸುವುದು. ಆಮೇಲೂ ನಿಂತರೆ ಪ್ಲೇಯರಿನ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ, ಮೆನುವಿನಲ್ಲಿ ಬ್ಲೂ-ರೇ (ಬಿಡಿ) ಡೇಟಾ ಅಳಿಸಿ, ಬೇರೆ 100 ಜಿಬಿ ಡಿಸ್ಕ್ ಹಾಕಿ ನೋಡಿ.

ಎಲ್ಲ 4ಕೆ ಡಿಸ್ಕೂ ನಿಂತರೆ ಲೆನ್ಸ್ ಒರೆಸುವ ಕಾಲ. ಬ್ರಷ್ ಇರುವ ಕ್ಲೀನಿಂಗ್ ಡಿಸ್ಕ್ ನಾನು ಬಳಸುವುದಿಲ್ಲ, ಸೋನಿಯ ಕೈಪಿಡಿಗಳೂ ಬೇಡವೆನ್ನುತ್ತವೆ. ಮಾಡುವ ಕ್ರಮ ಹೀಗೆ: ಪ್ಲಗ್ ಕಿತ್ತು, ಕೆಪ್ಯಾಸಿಟರ್‌ನಲ್ಲಿ ಉಳಿದ ವಿದ್ಯುತ್ ಇಳಿಯಲು ಹತ್ತು ನಿಮಿಷ ಕಾಯಿರಿ. ಮೇಲ್ಮುಚ್ಚಳ, ಡ್ರೈವಿನ ಮೇಲಿನ ತಗಡು ತೆಗೆಯಿರಿ. ಪವರ್ ಸಪ್ಲೈ ಬೋರ್ಡಿನ ಕಡೆ ಕೈ ಹೋಗಬಾರದು. ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಧೂಳು ಹಾರಿಸಿ. ಬಾಯಿಂದ ಊದಿದರೆ ಎಂಜಲು ಬೀಳುತ್ತದೆ. ಹತ್ತಿಕಡ್ಡಿಗೆ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ, ಲೆನ್ಸ್ ಮೇಲೆ ಒಂದೆರಡು ಸುತ್ತು, ಒತ್ತಡ ಇಲ್ಲವೇ ಇಲ್ಲ. ಲೆನ್ಸ್ ಕೂದಲೆಳೆಯಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ತಂತಿ ಬಾಗಿ ಡ್ರೈವ್ ಹಾಳಾಗುತ್ತದೆ. ಅಸಿಟೋನ್ ತಾಗಿಸಬೇಡಿ. ಕಾಲು ಗಂಟೆ ಒಣಗಿಸಿ, ಎಲ್ಲ ಮುಚ್ಚಿದ ಮೇಲಷ್ಟೇ ಆನ್ ಮಾಡಿ. ತೆರೆದಿಟ್ಟು ಓಡಿಸಿದರೆ ಲೇಸರ್ ಕಣ್ಣಿಗೆ ಹಾನಿ ಮಾಡುತ್ತದೆ.

ಟ್ರೇ ಗುರ್ ಎಂದು ಹೊರಬಾರದಿದ್ದರೆ ಕಾರಣ ಬಹುತೇಕ ಸಡಿಲಾದ ರಬ್ಬರ್ ಬೆಲ್ಟ್. ಹಳೆಯದನ್ನೇ ಕೈಯಲ್ಲಿ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಅದೇ ದಪ್ಪದ, ಸುತ್ತಳತೆಯಲ್ಲಿ ತುಸು ಚಿಕ್ಕದನ್ನು ತನ್ನಿ. ಹಾಕುವ ಮೊದಲು ಗಾಲಿಗಳ ಜಿಡ್ಡನ್ನು ಅದೇ ಆಲ್ಕೋಹಾಲ್‌ನಲ್ಲಿ ಒರೆಸಿ, ಇಲ್ಲವಾದರೆ ಹೊಸ ಬೆಲ್ಟೂ ಜಾರುತ್ತದೆ. ಲೇಸರೇ ಸತ್ತಿದ್ದರೆ ಬಿಡಿಭಾಗ ಸಿಗುವುದು ಕಷ್ಟ. ಬೇರೆ ಕಾರಣಕ್ಕೆ ಕೆಟ್ಟ ಅದೇ ಮಾಡೆಲ್ ಹುಡುಕಿ ಡ್ರೈವ್ ಬದಲಿಸುವುದೇ ಸರಳ ದಾರಿ.

ನೆಟ್‌ವರ್ಕ್ ಕೇಬಲ್ ಕಿತ್ತಿಡಿ. 2020ರ ಜೂನ್‌ನಲ್ಲಿ ಸ್ಯಾಮ್‌ಸಂಗ್‌ನ ಹಳೆಯ ಬ್ಲೂ-ರೇ ಪ್ಲೇಯರ್‌ಗಳು ಹಲವು ದೇಶಗಳಲ್ಲಿ ಒಟ್ಟಿಗೇ ಕೈಕೊಟ್ಟು, ಆನ್ ಆಗುವುದು ಆಫ್ ಆಗುವುದು ಎಂಬ ಸುಳಿಗೆ ಬಿದ್ದವು. ನೆಟ್‌ನಿಂದ ಇಳಿದ ಒಂದು ಕಡತವೇ ಕಾರಣವೆಂದು ವರದಿಯಾಯಿತು. ಫರ್ಮ್‌ವೇರ್ (ಪ್ಲೇಯರಿನೊಳಗಿನ ತಂತ್ರಾಂಶ) ಅಪ್‌ಡೇಟ್ ಬೇಕೇ ಬೇಕು, ಹೊಸ ಡಿಸ್ಕ್‌ಗಳ ನಕಲು-ತಡೆ ಬೀಗ ತೆರೆಯಲು ಕೆಲವೊಮ್ಮೆ ಅದಿಲ್ಲದೆ ಆಗದು. ಆದರೆ ಅದನ್ನು ಯುಎಸ್‌ಬಿಯಲ್ಲಿ ಹಾಕಿ. ಎಫ್‌ಎಟಿ32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್, ಕೈಪಿಡಿ ಹೇಳಿದ ಫೋಲ್ಡರ್ ಹೆಸರು, ನಡುವೆ ಕರೆಂಟ್ ಹೋಗದಂತೆ ಯುಪಿಎಸ್. ಕಡೆಯ ಆವೃತ್ತಿಯ ಫೈಲನ್ನು ನಿಮ್ಮ ಕಂಪ್ಯೂಟರಿನಲ್ಲೂ ಇಟ್ಟುಕೊಳ್ಳಿ, ಮಾಡೆಲ್ ನಿಂತ ಮೇಲೆ ಕಂಪನಿಯ ಪುಟ ಎಷ್ಟು ದಿನ ಇರುತ್ತದೋ ಯಾರು ಬಲ್ಲರು.

ಎತ್ತಿಟ್ಟ ಎರಡನೇ ಪ್ಲೇಯರನ್ನು ಎರಡು ಮೂರು ತಿಂಗಳಿಗೊಮ್ಮೆ ಒಂದು ಸಿನಿಮಾದಷ್ಟು ಹೊತ್ತು ಓಡಿಸಿ. ಬೆಲ್ಟ್ ಒಂದೇ ಭಂಗಿಯಲ್ಲಿ ಗಟ್ಟಿಯಾಗುವುದಿಲ್ಲ, ಗ್ರೀಸ್ ಅಂಟಾಗುವುದಿಲ್ಲ. ಕರಾವಳಿಯವರು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಮಳೆಗಾಲದಲ್ಲಿ ಬದಲಿಸಿ. ರಿಮೋಟಿನ ಸೆಲ್ ತೆಗೆದಿಡಿ. ಈಗಿನ ಪ್ಲೇಯರ್‌ಗಳ ಮುಖದ ಮೇಲೆ ಪವರ್, ಎಜೆಕ್ಟ್ ಬಿಟ್ಟರೆ ಗುಂಡಿಗಳೇ ಇಲ್ಲ, ಟಿವಿ ರಿಮೋಟಿನಿಂದ ನಡೆಸುವುದು ಅರ್ಧಂಬರ್ಧ. ಸೋರಿದ ಸೆಲ್ ರಿಮೋಟನ್ನು ತಿಂದುಹಾಕಿದರೆ ಸೆಟ್ಟಿಂಗ್ ಮೆನುವಿಗೆ ಹೋಗಲೂ ಪರದಾಡಬೇಕಾಗುತ್ತದೆ.