ಗ್ಯಾಸ್ ಗೀಸರ್ ಗೋಡೆಯಾಚೆಗೇ ಇರಲಿ

ಹೊಸೂರು, ಡೆಂಕಣಿಕೋಟೆ, ತಳಿ ಕಡೆ ಧನುರ್ಮಾಸದಲ್ಲಿ ಐದು ಗಂಟೆಗೇ ಸ್ನಾನ ಮುಗಿಸುವ ಮನೆಗಳಿವೆ. ಚಳಿಗೆ ಬಚ್ಚಲ ಕಿಟಕಿ ಮುಚ್ಚಿರುತ್ತದೆ. ಕೆಲವರು ವೆಂಟಿಲೇಟರ್‌ಗೂ ರಟ್ಟು ತುರುಕಿರುತ್ತಾರೆ. ಗೀಸರ್ ಒಳಗೇ ಇದ್ದರೆ ಏನಾಗುತ್ತದೆ, ಲೆಕ್ಕ ಹಾಕಿ. ನಿಮಿಷಕ್ಕೆ 6 ಲೀಟರಿನ ಗೀಸರ್ 10 ನಿಮಿಷದಲ್ಲಿ ಸುಮಾರು 150 ಗ್ರಾಂ ಗ್ಯಾಸ್ ಸುಡುತ್ತದೆ. ಅದಕ್ಕೆ ಹತ್ತಿರಹತ್ತಿರ 2,000 ಲೀಟರ್ ಗಾಳಿ ಬೇಕು. 5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ 6,800 ಲೀಟರ್; ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹತ್ತೇ ನಿಮಿಷಕ್ಕೆ ಬೇಕಾಯಿತು. ಆಮ್ಲಜನಕ ಇಳಿದಂತೆ ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಇದಕ್ಕೆ ವಾಸನೆ ಇಲ್ಲ. ನಮಗೆ ಗೊತ್ತಿರುವ ಸಿಲಿಂಡರ್ ವಾಸನೆ ಉರಿಯದೆ ಸೋರಿದ ಗ್ಯಾಸಿನದು. ಮೊದಲು ತಲೆಭಾರ, ಆಮೇಲೆ ಚಿಲಕಕ್ಕೆ ಕೈ ಹೋಗುವಷ್ಟರಲ್ಲಿ ಕಾಲು ಕುಸಿಯುತ್ತದೆ.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನಬೇಡಿ. ಗಾಳಿ ಒಳಬರಲು ದಾರಿಯಿಲ್ಲದ ಕೋಣೆಯಲ್ಲಿ ಫ್ಯಾನ್ ಸುಮ್ಮನೆ ಸದ್ದು ಮಾಡುತ್ತದೆ, ಅಷ್ಟೆ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಹಂಡೆ ಒಲೆಯ ಬಾಯಿ ಗೋಡೆಯ ಹೊರಕ್ಕಿತ್ತು. ಅದೇ ಸರಿ: ಬೆಂಕಿ ಹೊರಗೆ, ಬಿಸಿನೀರು ಒಳಗೆ.

ಬಚ್ಚಲ ಹೊರಗೋಡೆಯಲ್ಲಿ, ಮಳೆ ಬೀಳದ ಸೂರಿನಡಿ, ಜ್ವಾಲೆ ಕಾಣುವ ಕಿಂಡಿ ಕಣ್ಣೆತ್ತರಕ್ಕೆ ಬರುವಂತೆ ಗೀಸರ್ ತೂಗುಹಾಕಿ. ಕಿಟಕಿಯ ಕೆಳಗೆ ಬೇಡ, ಹೊಗೆ ಮತ್ತೆ ಒಳಗೇ ನುಗ್ಗುತ್ತದೆ. ಪೈಪಿಗೆ ಕೊರೆದ ತೂತು ಹೊರಕ್ಕೆ ಸ್ವಲ್ಪ ಇಳಿಜಾರಿರಲಿ, ಸುತ್ತ ಸಂದು ಬಿಡದೆ ಮುಚ್ಚಿ. ಬಿಸಿನೀರಿಗೆ ಬಿಸಿ ತಾಳುವ ಸಿಪಿವಿಸಿ ಪೈಪ್; ಮಾಮೂಲಿ ಪಿವಿಸಿ ಮೆತ್ತಗಾಗಿ ಜೋತುಬೀಳುತ್ತದೆ.

ಸಿಲಿಂಡರ್ ಗೀಸರಿನ ನೇರ ಕೆಳಗೆ ಬೇಡ, ಪಕ್ಕಕ್ಕೆ ಸರಿಸಿ ನೆಟ್ಟಗೆ ನಿಲ್ಲಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಸಂಪು, ಚರಂಡಿ, ಗುಂಡಿಗಳಲ್ಲಿ ಕೂರುತ್ತದೆ; ಅವು ಹತ್ತಿರ ಇರಬಾರದು. ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬ್ ಒಂದೂವರೆ ಮೀಟರ್ ಮೀರದಿರಲಿ, ನಡುವೆ ಜೋಡಣೆ ಬೇಡ, 5 ವರ್ಷಕ್ಕೆ ಬದಲಿಸಿ. ಹೋಟೆಲ್ ಒಲೆಯ ಹೈ ಪ್ರೆಶರ್ ರೆಗ್ಯುಲೇಟರ್ ಹಾಕಲೇಬೇಡಿ. ಎಲ್ಲ ಜೋಡಣೆಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಅಲ್ಲೇ ಸೋರಿಕೆ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ!

ನಲ್ಲಿ ತಿರುಗಿಸಿದರೂ ಕಿಡಿಯ ಟಿಕ್‌ಟಿಕ್ ಸದ್ದಿಲ್ಲವೆ? ನೀರಿನ ಒತ್ತಡ ಸಾಲದೆ ಒಳಗಿನ ಡಯಾಫ್ರಮ್ (ರಬ್ಬರ್ ಪೊರೆ) ಏಳುತ್ತಿಲ್ಲ ಅಥವಾ ಸೆಲ್ ಮುಗಿದಿದೆ. ಬಿಚ್ಚುವ ಮೊದಲು ನೀರು ಬರುವ ಬಾಯಿಯ ಜಾಲರಿ ತೊಳೆಯಿರಿ. ಬೋರ್‌ವೆಲ್ ಮರಳು ಅಲ್ಲೇ ಕಟ್ಟಿಕೊಳ್ಳುವುದು. ತಡವಾಗಿ "ಭಗ್" ಎಂದು ಹೊತ್ತಿದರೆ ಕಿಡಿ ದುರ್ಬಲ, ಅಷ್ಟರಲ್ಲಿ ಗ್ಯಾಸ್ ಕೂಡಿಕೊಂಡಿರುತ್ತದೆ. ಎರಡೂ ಸೆಲ್ ಒಟ್ಟಿಗೆ ಬದಲಿಸಿ. ಜ್ವಾಲೆ ನೀಲಿಯಿರಬೇಕು. ಹಳದಿಗೆ ತಿರುಗಿ ಮೇಲಿನ, ನೀರಿಗೆ ಬಿಸಿ ತಲುಪಿಸುವ ಲೋಹದ ರೆಕ್ಕೆಗಳಿಗೆ ಮಸಿ ಹಿಡಿದಿದ್ದರೆ ಬರ್ನರ್ ಶುಚಿಯಾಗುವವರೆಗೆ ಹಚ್ಚಬೇಡಿ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಹೊರಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಿ. ಬಚ್ಚಲಲ್ಲಿ ಯಾರಾದರೂ ಕುಸಿದಿದ್ದರೆ ಮೊದಲು ಬಯಲಿಗೆ ಎಳೆದು ತನ್ನಿ, ಆಮೇಲೆ ಆಂಬುಲೆನ್ಸ್‌ಗೆ 108.