ಗೇರ್‌ಬಾಕ್ಸ್ ತರಿಸುವ ಮೊದಲು ಟೇಪ್ ಹಿಡಿಯಿರಿ

ಮಂಗಳೂರಿನ ಬೈಕಂಪಾಡಿಯಲ್ಲಿ ನನ್ನ ಗ್ಯಾರೇಜ್. ಪಣಂಬೂರು ಬಂದರಿಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಆದರೂ ದುಬೈಯಿಂದ ಹಡಗಿನಲ್ಲಿ ತರಿಸಿದ ಕಾರಿನ ಬಿಡಿಭಾಗದ ನನ್ನ ಮೊದಲ ಪೆಟ್ಟಿಗೆ ಇಳಿದದ್ದು ಕೊಚ್ಚಿಯಲ್ಲಿ! ಅಲ್ಲಿಂದ ಲಾರಿ ಹತ್ತಿ, ಕಾಸರಗೋಡು ದಾಟಿ ಬಂತು. ಹಲವರ ಸಣ್ಣಪುಟ್ಟ ಸಾಮಾನು ಸೇರಿಸಿ ತುಂಬುವ ಕಂಟೇನರ್ ಯಾವ ಊರಿಗೆ ತುಂಬುತ್ತದೋ ಆ ಊರಿಗೆ ಹೋಗುತ್ತದೆ. ಹಾಗಾಗಿ ರೇಟ್ ಕೇಳುವಾಗ 'ಯಾವ ಬಂದರಿನವರೆಗೆ?' ಎಂದು ಮೊದಲೇ ಕೇಳಿಬಿಡಿ.

ಆ ಪೆಟ್ಟಿಗೆಯಲ್ಲಿದ್ದದ್ದು ಹಳೆ ಪಜೇರೊದ ಮುಂದಿನ ಬಂಪರ್. ತೂಕ ಒಂದು ಅಕ್ಕಿ ಚೀಲದಷ್ಟೂ ಇಲ್ಲ. ವಿಮಾನದಲ್ಲೇ ತರಿಸೋಣ ಅಂತ ಹೊರಟಿದ್ದೆ. ಆದರೆ ವಿಮಾನದವರು ತಕ್ಕಡಿ ಒಂದನ್ನೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಕೊರಿಯರ್‌ನವರಾದರೆ ಸಾಮಾನ್ಯವಾಗಿ 5000ದಿಂದ. ಬಂದ ಸಂಖ್ಯೆ, ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಬಂಪರಿನ ಪೆಟ್ಟಿಗೆ 180, 50, 40. ಲೆಕ್ಕ ಹಾಕಿದರೆ 60 ಕಿಲೋ! ಗಾಳಿಗೂ ಬಾಡಿಗೆ, ಮಾರಾಯ್ರೆ.

ಗೇರ್‌ಬಾಕ್ಸ್ ಕಥೆ ಬೇರೆ. 90, 60, 60ರ ಪೆಟ್ಟಿಗೆ ಲೆಕ್ಕಕ್ಕೆ 54 ಕಿಲೋ, ತಕ್ಕಡಿಯಲ್ಲಿ 70. ಕಬ್ಬಿಣದಂಥ ಗಟ್ಟಿ ಸಾಮಾನಿಗೆ ವಿಮಾನದಲ್ಲಿ ಇಂಥ ಮೋಸವಿಲ್ಲ. ಹಡಗಿನಲ್ಲಿ ಒಂದು ಘನ ಮೀಟರ್ ಅಥವಾ 1000 ಕಿಲೋ, ಯಾವುದು ಹೆಚ್ಚೋ ಅದರ ಲೆಕ್ಕ. ಕನಿಷ್ಠ ಒಂದು ಘನ ಮೀಟರಿಗೆ ಹಣ ಕೊಡಲೇಬೇಕು ಎನ್ನುವವರೇ ಜಾಸ್ತಿ. ಈ ಗೇರ್‌ಬಾಕ್ಸ್ ಅದರಲ್ಲಿ ಮೂರನೇ ಒಂದು ಭಾಗವೂ ಆಗುವುದಿಲ್ಲ. ಹಾಗಾಗಿ ಹಡಗು ಬೇಕಿದ್ದರೆ ಇಬ್ಬರು ಮೂವರ ಸಾಮಾನು ಸೇರಿಸಿ ತರಿಸಿ.

ಹಡಗಿನ ಬಾಡಿಗೆ ಸಸ್ತಾ ಅಂತ ಖುಷಿಪಡಬೇಡಿ. ಇಳಿದ ಮೇಲೆ ಬಿಲ್ ಶುರು. ಡೆಲಿವರಿ ಆರ್ಡರಿಗೆ (ಸಾಮಾನು ಬಿಡುವ ಚೀಟಿ) ಒಂದು, ಕಂಟೇನರ್ ಬಿಚ್ಚುವುದಕ್ಕೆ ಒಂದು, ಗೋಡೌನಿಗೆ ಒಂದು, ಕಸ್ಟಮ್ಸಿನಿಂದ ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರದ್ದು ಒಂದು. ನನ್ನ ಇನ್‌ವಾಯ್ಸಿನಲ್ಲಿ ಗ್ಯಾರೇಜಿನ ಹೆಸರು, ಪ್ಯಾನ್ ಕಾರ್ಡಿನಲ್ಲಿ ನನ್ನ ಹೆಸರು. ಅದನ್ನು ಸರಿ ಮಾಡಿಸುವಷ್ಟರಲ್ಲಿ ಗೋಡೌನಿನಲ್ಲಿ ಬಾಡಿಗೆಯಿಲ್ಲದೆ ಇಡುವ ಬಿಟ್ಟಿ ದಿನಗಳು ಮುಗಿದಿದ್ದವು. ಗೋಡೌನಿನ ಬಾಡಿಗೆಯೇ ಹಡಗಿನ ಬಾಡಿಗೆಯನ್ನು ದಾಟಿತು. ಈಗ ನಾನು ಒಂದೇ ಮಾತು ಕೇಳುತ್ತೇನೆ: 'ನನ್ನ ಶಟರ್ ಮುಂದೆ ಇಳಿಸುವವರೆಗೆ ಒಟ್ಟು ಎಷ್ಟು?' ಅದನ್ನು ಬರೆದು ಕೊಡದವರ ಹತ್ತಿರ ವ್ಯವಹಾರವೇ ಬೇಡ.

ಶಾರ್ಜಾದಲ್ಲಿ ನನ್ನ ಭಾವ ಇದ್ದಾರೆ. ಅಲ್ಲಿನ ಗುಜರಿ ಸಾಲಿನಿಂದ ಒಂದು ಹಳೆ ಗೇರ್‌ಬಾಕ್ಸಿನ ಫೋಟೋ ಕಳಿಸಿ, 'ಕಾಲು ಬೆಲೆಗೆ ಸಿಗ್ತದೆ, ಕಟ್ಟಿ ಕಳಿಸಲಾ?' ಎಂದರು. ಅಡ್ವಾನ್ಸ್ ಕೊಡುವ ಮೊದಲು ಕ್ಲಿಯರಿಂಗ್ ಏಜೆಂಟರಿಗೆ ಫೋನ್ ಮಾಡಿದ್ದು ನನ್ನ ಪುಣ್ಯ. ಬಳಸಿದ ಕಾರಿನ ಬಿಡಿಭಾಗ ತರಿಸಲು ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪರವಾನಗಿ ಬೇಕು. ಅದಿಲ್ಲದೆ ಬಂದರೆ ಕಸ್ಟಮ್ಸ್ ಹಿಡಿದಿಡುತ್ತದೆ. ಕೊನೆಗೆ ಭಾವನೇ ಒಬ್ಬ ಡೀಲರ್ ಗೋಡೌನಿನ ಮೂಲೆಯಲ್ಲಿದ್ದ ಹೊಸದನ್ನು ಹುಡುಕಿದರು. ವ್ಯಾಪಾರಕ್ಕೆ ತರಿಸುವವರಿಗೆ ಐಇಸಿ ನಂಬರ್, ಅಂದರೆ ಆಮದು-ರಫ್ತು ಮಾಡುವವರ ಕೋಡ್, ಬೇಕು. ಡಿಜಿಎಫ್‌ಟಿ ವೆಬ್‌ಸೈಟಿನಲ್ಲೇ ಮಾಡಿಸಬಹುದು, ಶುಲ್ಕ 500 ರೂಪಾಯಿ.

ಸುಂಕ ನಾನು ಹೀಗೆ ಲೆಕ್ಕ ಹಾಕುತ್ತೇನೆ. ಸಾಮಾನು 1 ಲಕ್ಷ, ವಿಮಾನದ ಬಾಡಿಗೆ 35,000 ಎಂದಿಟ್ಟುಕೊಳ್ಳಿ. ವಿಮಾನದಲ್ಲಿ ಬಂದರೆ ಸುಂಕದ ಲೆಕ್ಕಕ್ಕೆ ಬಾಡಿಗೆಯನ್ನು ಸಾಮಾನಿನ ಬೆಲೆಯ ಶೇ. 20ಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ಹಾಗಾಗಿ 20,000 ಮಾತ್ರ. ವಿಮೆಯ ರಸೀದಿ ಇಲ್ಲದಿದ್ದರೆ ಶೇ. 1.125 ಸೇರಿಸುತ್ತಾರೆ. ಒಟ್ಟು 1,21,125. ಗೇರ್‌ಬಾಕ್ಸಿಗೆ ಮೂಲ ಸುಂಕ ಶೇ. 15. ಆ ಸುಂಕದ ಮೇಲೆ ಶೇ. 10 ಸರ್‌ಚಾರ್ಜ್. ಎಲ್ಲ ಸೇರಿದ ಮೊತ್ತಕ್ಕೆ ಶೇ. 18 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ). 2025ರ ಸೆಪ್ಟೆಂಬರ್ 22ಕ್ಕಿಂತ ಮೊದಲು ಅದೇ 28 ಇತ್ತು. ಕಟ್ಟಬೇಕಾದದ್ದು ಹೆಚ್ಚುಕಡಿಮೆ 45,400. ಇಂಜಿನ್ನಿನ ಭಾಗಗಳಿಗೆ ಸುಂಕದ ಬೇರೆ ಕೋಡ್, ಅದನ್ನು ಏಜೆಂಟರ ಹತ್ತಿರ ಕೇಳಿ. ಸುಳ್ಳು ಬೆಲೆ ಬರೆಸುವ ಉಪಾಯ ಹೇಳುವವರು ಸಿಗುತ್ತಾರೆ, ಸುಮ್ನೆ ಅವರಿಂದ ದೂರ ಇರಿ.

ಮರದ ಪೆಟ್ಟಿಗೆಗೆ ಗೋಧಿ ತೆನೆಯ ಮುದ್ರೆ ಇರಲೇಬೇಕು. ಪಕ್ಕದಲ್ಲಿ ಎಚ್‌ಟಿ ಎಂದಿದ್ದರೆ ಮರದ ಒಳಭಾಗವನ್ನೂ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿದ್ದಾರೆ ಎಂದರ್ಥ. ಮರದ ಹುಳ ದೇಶ ದಾಟಬಾರದು, ಅದಕ್ಕೆ. ಮುದ್ರೆಯ ಫೋಟೋ ಮೊದಲೇ ತರಿಸಿಕೊಳ್ಳಿ. ಎಣ್ಣೆ ತುಂಬಿದ್ದರೆ ಪೂರ್ತಿ ಬಸಿಯಲು ಹೇಳಿ. ಏರ್‌ಬ್ಯಾಗ್, ಬ್ಯಾಟರಿ, ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಅಪಾಯಕಾರಿ ಸರಕಿನ ಪಟ್ಟಿಯಲ್ಲಿವೆ. ಅದೇ ಪೆಟ್ಟಿಗೆಯ ಸಂದಿಯಲ್ಲಿ ತುರುಕಿಸಬೇಡಿ. ಹಡಗಾದರೆ ಗ್ರೀಸ್ ಬಳಿದು, ಪ್ಲಾಸ್ಟಿಕ್ ಸುತ್ತಿ, ಸಿಲಿಕಾ ಜೆಲ್ ಚೀಲ ಹಾಕಿಸಿ. ನಮ್ಮ ಜುಲೈಯ ಗಾಳಿಗೆ ಸ್ಪ್ಯಾನರಿಗೇ ತುಕ್ಕು ಹಿಡಿಯುತ್ತದೆ, ಗೇರನ್ನು ಬಿಡುತ್ತದಾ?

ನನ್ನ ಗೇರ್‌ಬಾಕ್ಸ್ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿಯಿತು. ಸುಂಕ ಕಟ್ಟಿ ಬಿಡಿಸಿದ್ದೂ ಅಲ್ಲೇ. ಆಮೇಲೆ ಶಿರಾಡಿ ಘಾಟಿ. ಮಳೆಗೆ ಗುಡ್ಡ ಜರಿದು ಲಾರಿ ಸಕಲೇಶಪುರದಲ್ಲಿ ಎರಡು ದಿನ ನಿಂತಿತು. ದುಬೈಯಿಂದ ಬೆಂಗಳೂರಿಗೆ ಕೆಲವೇ ಗಂಟೆ, ಅಲ್ಲಿಂದ ಬೈಕಂಪಾಡಿಗೆ ಮೂರು ದಿನ! ಮಳೆಗಾಲದಲ್ಲಿ ತರಿಸುವವರು ಗಿರಾಕಿಗೆ ತಾರೀಕು ಹೇಳುವ ಮೊದಲು ಇದನ್ನೂ ಸೇರಿಸಿಕೊಳ್ಳಿ.

ಲಾರಿ ಬರುವ ದಿನ ಭಾರ ಎತ್ತುವ ಚೈನ್ ಬ್ಲಾಕ್ ಸಿದ್ಧ ಇಟ್ಟುಕೊಳ್ಳಿ. ಇಳಿಸುವ ಕೆಲಸ ಡ್ರೈವರನದ್ದಲ್ಲ. ಸಹಿ ಹಾಕುವ ಮೊದಲು ಪೆಟ್ಟಿಗೆಯ ನಾಲ್ಕೂ ಮೂಲೆ ನೋಡಿ, ಬಿರುಕಿದ್ದರೆ ರಸೀದಿಯ ಮೇಲೆಯೇ ಬರೆಯಿರಿ. ಮೊಳೆ ಕೀಳುವಾಗ ಹುಡುಗನೊಬ್ಬನ ಕೈಗೆ ಮೊಬೈಲ್ ಕೊಟ್ಟು ವಿಡಿಯೋ ಮಾಡಿಸಿ. ವಿಮೆಯವರು ಮೊದಲು ಕೇಳುವುದೇ ಅದನ್ನು.