ರಂಗನತಿಟ್ಟಿನಲ್ಲಿ ಒಂದು ಸಂಜೆ: ಹಕ್ಕಿ ನೋಡುವ, ಚಿತ್ರ ತೆಗೆಯುವ ಕ್ರಮ

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹರಡಿರುವ ರಂಗನತಿಟ್ಟು, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆಯಿತು. ಕತ್ತಲಾಗುವವರೆಗೆ ಒಳಗಿರಲು ಅವಕಾಶವಿಲ್ಲದ ಕಾರಣ ಮಧ್ಯಾಹ್ನ ಮೂರೂವರೆಗೆಲ್ಲ ತಲುಪುವುದು ಒಳ್ಳೆಯದು. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಗೂಡುಗಳು ತುಂಬಿರುತ್ತವೆ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿಗಳು ನಿಲ್ಲುವುದರಿಂದ ಮೊದಲೇ ವಿಚಾರಿಸಿಕೊಂಡು ಹೊರಡಬೇಕು.

ಬಂದೊಡನೆ ದೋಣಿ ಹತ್ತದೆ, ದಡದಲ್ಲಿ ಸ್ವಲ್ಪ ಹೊತ್ತು ಕುಳಿತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ಗಮನಿಸಿ. ಸಂಜೆಯ ಛಾಯಾಗ್ರಹಣದಲ್ಲಿ ಇದಕ್ಕಿಂತ ಮುಖ್ಯವಾದುದು ಇಲ್ಲವೆಂದೇ ನನ್ನ ಅಭಿಪ್ರಾಯ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಇಳಿಯುತ್ತವೆ, ಏಳುತ್ತವೆ. ಪಡುವಣ ಗಾಳಿಯಿದ್ದರೆ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಂತವರ ಕಡೆಗೆ ಮುಖಮಾಡಿ, ಹೊಂಬಿಸಿಲಿನಲ್ಲಿ ರೆಕ್ಕೆ ಬಿಚ್ಚಿ, ಕಾಲು ಮುಂದೆ ಚಾಚಿ ಬಣ್ಣದ ಕೊಕ್ಕರೆ ಇಳಿಯುತ್ತದೆ. ಮೂಡಣ ಗಾಳಿಯಾದರೆ ಅದೇ ಜಾಗದಲ್ಲಿ ಬಾಲವಷ್ಟೇ ಸಿಗುತ್ತದೆ; ಆಗ ಬಿಸಿಲು ಪಕ್ಕದಿಂದ ಬೀಳುವಂತಹ ಕಡೆಗೆ ಸರಿದು, ಹಾರುವ ಹಕ್ಕಿಯ ಪಾರ್ಶ್ವನೋಟವನ್ನು ಹಿಡಿಯುವುದೇ ಲೇಸು.

ಹಾರುವ ಹಕ್ಕಿಗೆ ಶಟರ್ ವೇಗ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಅವಧಿ) ಸೆಕೆಂಡಿನ 1/1600ರ ಆಸುಪಾಸಿನಲ್ಲಿರಲಿ. ಕೂತ ಹಕ್ಕಿಯಾದರೂ ದೋಣಿ ಓಲಾಡುವುದರಿಂದ 1/500ಕ್ಕಿಂತ ಕೆಳಗಿಳಿಯಬೇಡಿ. ಬೆಳಕು ಕುಗ್ಗಿದಂತೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿಕೊಳ್ಳಿ. ಟ್ರೈಪಾಡ್ ದೋಣಿಯಲ್ಲಿ ನಿಷ್ಪ್ರಯೋಜಕ. ಕಪ್ಪು ನೀರಿನ ಹಿನ್ನೆಲೆಯಲ್ಲಿ ಬೆಳ್ಳಕ್ಕಿ ಅಥವಾ ಚಮಚದ ಕೊಕ್ಕರೆ ಬಂದರೆ, ಕ್ಯಾಮೆರಾ ದೃಶ್ಯವನ್ನು ಕತ್ತಲೆಂದು ಭಾವಿಸಿ ಬೆಳಕನ್ನು ಹೆಚ್ಚಿಸುವುದರಿಂದ ಬಿಳಿ ಗರಿಗಳ ಎಳೆಗಳೆಲ್ಲ ಅಳಿಸಿಹೋಗುತ್ತವೆ. ಇದನ್ನು ತಡೆಯಲು ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ತಗ್ಗಿಸಬೇಕು.

ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ಕಂಡು ಗಾಬರಿಯಾಗಬೇಕಿಲ್ಲ, ಮೈಯ ಶಾಖವನ್ನು ಹದದಲ್ಲಿಡಲು ಅದು ಹಾಗೆ ಮಾಡುತ್ತದೆ. ಆದರೆ ಕೈಯನ್ನು ನೀರಿಗಿಳಿಸಲೇಬಾರದು. ಕ್ಯಾಮೆರಾದ ಫ್ಲ್ಯಾಶ್ ಆರಿಸಿಯೇ ಇರಲಿ.

ಇನ್ನೂ ಸ್ವಲ್ಪ ಹತ್ತಿರ ಹೋಗೋಣವೆಂದು ಅಂಬಿಗರನ್ನು ಯಾರೂ ಒತ್ತಾಯಿಸಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ತಾಯಿಹಕ್ಕಿ ಹೆದರಿ ಗೂಡು ಬಿಟ್ಟೆದ್ದರೆ ಇನ್ನೂ ಗರಿ ಮೂಡದ ಮರಿಗಳು ಬಿಸಿಲಿಗೆ ಬಳಲುತ್ತವೆ, ಮೊಟ್ಟೆಗಳು ಕಾಗೆಯ ಪಾಲಾಗುತ್ತವೆ. ಕೂತ ಹಕ್ಕಿ ಕತ್ತು ನೀಳಮಾಡಿ ದೋಣಿಯತ್ತಲೇ ದಿಟ್ಟಿಸತೊಡಗಿದರೆ, ದೋಣಿಯನ್ನು ಹಿಂದಕ್ಕೆ ತೆಗೆಯುವಂತೆ ನೀವೇ ಹೇಳಿ.